ಕೊಟ್ರಬಸಮ್ಮ ತಂದ ಹುಲ್ಲಿನ ಹೊರೆ

ಎಮ್ಮೆ ನಿಂತಲ್ಲೇ ತೂಗಾಡುತ್ತಿತ್ತು. ಮಲ್ಲಿಗೆ ಮೊಗ್ಗು ಬಿಡಿಸುವುದನ್ನು ಮುಗಿಸಿ ತೋಟದಿಂದ ಬಂದ ಗಂಗಾಂಬಿಕಾ ಮೊದಲು ಜ್ವರ ಇರಬೇಕು ಅಂದುಕೊಂಡಳು. ಕಿವಿ ಮುಟ್ಟಿ ನೋಡಿದಳು, ಬಿಸಿ ಇರಲಿಲ್ಲ. ಕಣ್ಣು ಅರ್ಧ ಮುಚ್ಚಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಹಿಂಗಾಲುಗಳು ಒಂದಕ್ಕೊಂದು ತಾಗುತ್ತಿದ್ದವು.

“ಅತ್ತಿ, ಇದಕ್ಕ ಏನ್ ಹಾಕಿದ್ರಿ?”

“ಏನ್ ಹಾಕ್ತೀನವ್ವ? ನಮ್ಮ ಹೊಲದಾಗಿನ ಹುಲ್ಲ,” ಎಂದಳು ಕೊಟ್ರಬಸಮ್ಮ. ಎಪ್ಪತ್ತೆರಡರ ಮುದುಕಿ, ಇನ್ನೂ ಹೊರೆ ಹೊರುವ ಕುತ್ತಿಗೆ.

“ಕಾಂತೇಶ ಹೊಲದಾಗ ಇಳಿಬ್ಯಾಡ್ರಿ ಅಂದಿದ್ದನಲ್ಲ?”

“ಅಂದ್ರ? ನನ್ನ ಹೊಲಕ್ಕ ನಾ ಹೋಗಾಕ ಅವನ ಕಡೆ ಚೀಟಿ ಬರೆಸ್ಕೊಂಡು ಬರಬೇಕೇನು?”

ಮಾಗಳದ ಸುತ್ತಿನ ಊರುಗಳಲ್ಲಿ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟರೆ ಬೆಳೆ ಲಾವಣಿದಾರನದು. ಸಾಲುಗಳ ನಡುವಿನ ಹುಲ್ಲು ಮಾತ್ರ ಹೊಲದವರ ದನಕ್ಕೆ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಬೇಡ ಎಂದದ್ದೂ ಇಲ್ಲ. ಕೊಟ್ರಬಸಮ್ಮನ ಹೊಳೆದಂಡೆಯ ಎರಡು ಎಕರೆಯಲ್ಲಿ ಈ ವರ್ಷ ಮೆಕ್ಕೆಜೋಳ ಹಾಕಿದ್ದ ಕಾಂತೇಶ ಮೊದಲ ಬಾರಿಗೆ ಬೇಡ ಎಂದಿದ್ದ. ಹುಳದ ಎಣ್ಣೆ ಹೊಡೆದೀನಿ, ದನ ಸಾಯ್ತಾವ ಎಂದಿದ್ದ. ಕೊಟ್ರಬಸಮ್ಮ ಎಂಟು ದಿನ ತಡೆದಳು. ಒಂಬತ್ತನೆಯ ದಿನ ಕುಡುಗೋಲು ತಗೊಂಡು ಹೋದಳು.

ಅಂಗನವಾಡಿ ಟೀಚರ್ ಮಂಜಮ್ಮ ಆ ಹೊತ್ತಿಗೆ ಪೂಜೆಗೆ ಒಂದು ಮಾರು ಮಲ್ಲಿಗೆ ಕೇಳಲು ಬಂದಿದ್ದಳು. ಹಡಗಲಿಯ ಕಾನೂನು ಸೇವಾ ಸಮಿತಿಯಲ್ಲಿ ತರಬೇತಿ ಪಡೆದು, ಊರಿನವರಿಗೆ ಅರ್ಜಿ, ಕಾಗದ ಬರೆದುಕೊಡುವ ಸ್ವಯಂಸೇವಕಿಯೂ ಆಕೆಯೇ. ಎಮ್ಮೆಯನ್ನು ನೋಡಿ ಕೊಟ್ಟಿಗೆಗೆ ಹೋದಳು. ಹೊರೆಯ ಹಗ್ಗ ಬಿಚ್ಚಿದಳು. ಹುಲ್ಲಿನ ನಡುವೆ ಬೆರಳು ಬಿಡಿಸಿದ ಅಂಗೈಯಂಥ ಎಲೆಗಳು, ಗರಗಸದಂಥ ಅಂಚು, ತುದಿಯಲ್ಲಿ ಅಂಟಂಟು ಹೂ. ಮೂಗಿನ ಹತ್ತಿರ ಹಿಡಿದವಳು ಹಾಗೇ ಕೆಳಗಿಟ್ಟಳು.

“ಗಂಗಕ್ಕಾ, ಇದು ಗಾಂಜಾ.”

ಅಷ್ಟರಲ್ಲಿ ಗುರುಬಸವರಾಜ ಒಳಗಿನಿಂದ ಬಂದ. ಗಂಗಾಂಬಿಕಾ ಗಂಡನ ಮುಖ ನೋಡಿದಳು. ಅಲ್ಲಿ ಸಿಟ್ಟಿತ್ತು. ಅಚ್ಚರಿ ಇರಲಿಲ್ಲ.

“ನಿಮಗ ಗೊತ್ತಿತ್ತು,” ಎಂದಳು.

ಅವನು ಮಂಜಮ್ಮನ ಕಡೆ ತಿರುಗಿದ. “ಟೀಚರ್, ಇಷ್ಟಕ್ಕ ಯಾಕ ಗಾಬರಿ ಆಗ್ತೀರಿ? ಫೋನ್ ನೋಡಲ್ಲೇನು ನೀವು? ಅಮೆರಿಕದಾಗ ಅಂಗಡಿಯಾಗ ಇಟ್ಟು ಮಾರ್ತಾರ. ಉತ್ತರಾಖಂಡದಾಗ ಸರ್ಕಾರನ ಲೈಸೆನ್ಸ್ ಕೊಡತೈತಿ. ಇವತ್ತಲ್ಲ ನಾಳಿ ಇಲ್ಲೂ ಬಿಡ್ತಾರ. ಬ್ರಾಂದಿ ಅಂಗಡಿಗೆ ಲೈಸೆನ್ಸ್ ಕೊಡೋರಿಗೆ ಒಂದು ಗಿಡ ಭಾರ ಆತೇನು?”

“ಕೇಳಬೇಕಾದ ಮಾತ ಅದು ಗುರಣ್ಣ. ಗ್ರಾಮಸಭೆಯಾಗ ಕೇಳ್ರಿ, ಓಟು ಕೇಳಾಕ ಬಂದವರನ್ನ ಕೇಳ್ರಿ. ಔಷಧಕ್ಕ ಬರತೈತಿ, ಸೇದೋರನ್ನ ಜೇಲಿಗೆ ಹಾಕೋ ಬದಲು ದವಾಖಾನಿಗೆ ಕಳಿಸ್ರಿ ಅನ್ನೋರು ಅದಾರ. ಹರೇದ ಹುಡುಗ್ರ ತಲಿ ಕೆಡತೈತಿ, ಸೇದೋರಾಗ ಒಂದಿಷ್ಟು ಮಂದಿಗೆ ಬಿಡಲಾರದ ಚಟ ಆಗತೈತಿ ಅನ್ನೋರೂ ಅದಾರ. ಎರಡೂ ಕಡೆ ಓದಿದವರ ಅದಾರ. ಚರ್ಚೆ ಮಾಡೋದು ಅಪರಾಧ ಅಲ್ಲ. ಆದ್ರ ನಿಮ್ಮ ಹೊಲದಾಗ ಇರೋದು ಚರ್ಚೆ ಅಲ್ಲ, ಗಿಡ.”

“ಉತ್ತರಾಖಂಡದಾಗೂ ಗಿಡನ ಐತಿ.”

“ಅದು ನಾರಿಗೆ, ಬೀಜಕ್ಕ ಬೆಳೆಯೋ ತಳಿ. ಅಮಲು ತೀರ ಕಮ್ಮಿ. ಅದನ್ನೂ ಲೈಸೆನ್ಸ್ ಇದ್ದವರ ಬೆಳೀಬೇಕು. ನಿಮ್ಮ ಕಡೆ ಲೈಸೆನ್ಸ್ ಐತೇನು? ಸಾವಿರದ ಒಂಬೈನೂರ ಎಂಬತ್ತೈದರ ಮಾದಕ ವಸ್ತು ಕಾಯ್ದಿ ಇನ್ನೂ ಜಾರಿಯಾಗ ಐತಿ. ಅನುಮತಿ ಇಲ್ಲದ ಬೆಳೆದ್ರ ಹತ್ತು ವರ್ಷದ ತನಕ ಜೇಲು, ಮ್ಯಾಲೆ ದಂಡ.”

“ಬೆಳೆದೋನು ಕಾಂತೇಶ. ನಮಗೇನು?”

“ಲಾವಣಿ ಕಾಗದ ಎಲ್ಲೈತಿ?”

“ಬಾಯಿಮಾತು. ನಮ್ಮೂರಾಗ ಯಾರು ಕಾಗದ ಮಾಡ್ತಾರ?”

“ಪಹಣಿ ಯಾರ ಹೆಸರಿಗೈತಿ?”

ಗುರುಬಸವರಾಜ ಅವ್ವನ ಕಡೆ ನೋಡಿದ. ಅಪ್ಪ ತೀರಿಕೊಂಡ ಮೇಲೆ ಹೊಲ ಅವ್ವನ ಹೆಸರಿಗೆ ಬಂದಿತ್ತು. ಎಮ್ಮೆಯ ಬೆನ್ನು ಸವರುತ್ತಾ ಕೂತಿದ್ದ ಕೊಟ್ರಬಸಮ್ಮ ತಲೆ ಎತ್ತಿ, “ನನ್ನ ಹೆಸರಿಗೈತಿ. ಯಾಕವ್ವ?” ಎಂದಳು.

ಮಂಜಮ್ಮ ದನಿ ತಗ್ಗಿಸಿದಳು. “ತಮ್ಮ ಹೊಲದಾಗ ಈ ಗಿಡ ಐತಿ ಅಂತ ಗೊತ್ತಾದ ಕೂಡ್ಲೇ ಹೊಲದವರು ಅಧಿಕಾರಿಗಳಿಗೆ ತಿಳಿಸಬೇಕು. ಗೊತ್ತಿದ್ದೂ ಸುಮ್ಮನಿದ್ರ ಅದೂ ಅಪರಾಧ. ಎರಡು ಗಂಟೆ ಬಸ್ಸಿಗೆ ಹಡಗಲಿಗೆ ಹೋಗೋಣ ನಡೀರಿ. ಸಮಿತಿಯಿಂದ ವಕೀಲರನ್ನ ಪುಕ್ಕಟೆ ಕೊಡ್ತಾರ. ಅವರನ್ನ ಕೇಳಿ ಠಾಣೆಗೆ ಹೋಗೋಣ. ಕೇಸೇ ಆಗಲ್ಲ ಅಂತ ನಾ ಮಾತು ಕೊಡಂಗಿಲ್ಲ. ಆದ್ರ ನಾವಾಗೇ ಹೋಗಿ ಹೇಳೋದು ಬ್ಯಾರೆ, ಅವರು ಬಂದು ಹಿಡಿಯೋದು ಬ್ಯಾರೆ.”

“ಕಾಂತೇಶ ಎಂಟು ದಿನದಾಗ ಕಿತ್ಕೊಂಡು ಹೋಗ್ತೀನಿ ಅಂದಾನ. ಎಂಟು ದಿನ ಬಾಯಿ ಮುಚ್ಕೊಂಡಿರಾಕ ಆಗಲ್ಲೇನು ನಿಮಗ?”

“ಆಗಂಗಿಲ್ಲ. ನಾಳಿ ಸಂಜಿ ಒಳಗ ನೀವು ಹೇಳದಿದ್ರ ನಾನ ಹೇಳ್ತೀನಿ. ಮುಚ್ಚಿಟ್ಟು ಮಾಡಲ್ಲ, ನಿಮ್ಮ ಮುಂದ ಹೇಳೀನಿ.” ಹೊರಡುವಾಗ ಗಂಗಾಂಬಿಕಾಳ ಕೈ ಹಿಡಿದು, “ಅಕ್ಕಾ, ಬಸ್ ಸ್ಟಾಪಿನಾಗ ಇರ್ತೀನಿ,” ಎಂದಳು. ಮಲ್ಲಿಗೆ ಕೇಳುವುದನ್ನೇ ಮರೆತಳು.

ಎರಡು ಗಂಟೆಗೆ ಬಸ್ಸಿನ ಹಾರ್ನ್ ಕೇಳಿಸಿತು. ಗಂಗಾಂಬಿಕಾ ಸೆರಗು ಸರಿಮಾಡಿಕೊಂಡು ಬಾಗಿಲ ತನಕ ಬಂದಿದ್ದಳು. ಗಂಡ ಕಟ್ಟೆಯ ಮೇಲೆ ಕೂತಿದ್ದ. “ಹೊಸ್ತಿಲ ದಾಟಿದಿ ಅಂದ್ರ ನನ್ನ ನೀನ ಜೇಲಿಗೆ ಕಳಿಸಿದಂಗ,” ಎಂದ. ಅವಳು ನಿಂತಳು. ಬಸ್ಸು ಸ್ವಲ್ಪ ಹೊತ್ತು ನಿಂತಿತ್ತು. ಎಂಜಿನ್ ಸದ್ದು ಇಲ್ಲಿಗೂ ಕೇಳುತ್ತಿತ್ತು. ಆಮೇಲೆ ಹೋಯಿತು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಪೊಲೀಸರು ಬಂದರು. ಹೇಳಿದ್ದು ಮಂಜಮ್ಮ ಅಲ್ಲ. ಕೊಟ್ಟೂರಿನಲ್ಲಿ ಗಾಂಜಾ ಚೀಲದ ಸಮೇತ ಸಿಕ್ಕಿಬಿದ್ದ ಕಾಂತೇಶನ ಕಡೆಯವನೊಬ್ಬ ಹೊಲದ ಗುರುತು ಕೊಟ್ಟಿದ್ದ. ಕಾಂತೇಶನ ಫೋನ್ ಬಂದ್ ಆಗಿತ್ತು. ಪಂಚರ ಮುಂದೆ ಮೆಕ್ಕೆಜೋಳದ ಸಾಲುಗಳಲ್ಲಿ ಗಿಡ ಎಣಿಸಿದರು: ನಲವತ್ತೊಂದು. ಇನ್ನೂ ಹನ್ನೆರಡು ಕಡೆ ಬರೀ ಕೊಯ್ದ ಬುಡ ಇತ್ತು. ಆ ಹನ್ನೆರಡು ಎಲ್ಲಿ ಎಂದು ಹುಡುಕುತ್ತಾ ಕೊಟ್ಟಿಗೆಗೆ ಬಂದರು. ಹೊರೆ ಬಿಚ್ಚಿದಲ್ಲೇ ಬಿದ್ದಿತ್ತು.

“ಇದನ್ನ ಯಾರು ತಂದಿದ್ದಮ್ಮ?” ಎಂದು ಸಬ್ ಇನ್ಸ್‌ಪೆಕ್ಟರ್ ಕೇಳಿದರು.

ಕೊಟ್ರಬಸಮ್ಮ ಎದ್ದು ನಿಂತಳು. ಜೀವನದಲ್ಲಿ ಸುಳ್ಳು ಹೇಳುವ ಪ್ರಸಂಗ ಅವಳಿಗೆ ಅಷ್ಟಾಗಿ ಬಂದಿರಲಿಲ್ಲ. “ನಾನ ಕೊಯ್ದು ತಂದೀನ್ರಿ. ನನ್ನ ಹೊಲ, ನನ್ನ ಎಮ್ಮಿ.”

ಅವರು ಪಹಣಿಯ ಪ್ರತಿ ನೋಡಿದರು. ಆಮೇಲೆ ಬರೆದುಕೊಂಡರು.

ಗುರುಬಸವರಾಜ ತನಗೇನೂ ಗೊತ್ತಿಲ್ಲ ಎಂದ. ಎಂಟು ದಿನದಲ್ಲಿ ಕಿತ್ತುಕೊಂಡು ಹೋಗುತ್ತೇನೆ ಎಂದು ಕಾಂತೇಶ ಕಳಿಸಿದ್ದ ಸಂದೇಶ ಅವನ ಫೋನಿನಲ್ಲೇ ಇತ್ತು; ಅವನನ್ನೂ ಹಿಡಿದರು. ಹೆಣ್ಣು ಕಾನ್‌ಸ್ಟೇಬಲ್ ಕೊಟ್ರಬಸಮ್ಮನ ತೋಳು ಹಿಡಿದು ಜೀಪು ಹತ್ತಿಸಿದಳು. ಮುದುಕಿ ತಿರುಗಿ ಸೊಸೆಯನ್ನು ಕೇಳಿದ್ದು ಒಂದೇ: “ಎಮ್ಮಿಗೆ ನೀರು ತೋರಿಸೀಯೇನವ್ವ?”

ಎಮ್ಮೆ ಮೂರನೆಯ ದಿನ ಚೇತರಿಸಿಕೊಂಡಿತು. ಕೊಟ್ರಬಸಮ್ಮ ಮನೆಗೆ ಬಂದದ್ದು ಇಪ್ಪತ್ತಮೂರನೆಯ ದಿನ, ಸಮಿತಿಯ ವಕೀಲರು ಜಾಮೀನು ಕೊಡಿಸಿದ ಮೇಲೆ. ಗುರುಬಸವರಾಜ ಇನ್ನೂ ಒಳಗಿದ್ದಾನೆ. ಭೇಟಿಗೆ ಹೋದ ಹೆಂಡತಿಗೆ ಜಾಲರಿಯ ಆಚೆಯಿಂದ ಹೇಳಿದ: “ಟೀಚರ್ ಹೇಳಿದ್ದು ಖರೆ. ಫೋನಿನಾಗಿನ ಸುದ್ದಿನ ಕಾಯ್ದಿ ಅಂತ ತಿಳ್ಕೊಂಡೆ. ನಮ್ಮವ್ವನ ಹೆಸರು ಕೇಸಿನಿಂದ ತೆಗೆಸಾಕ ಆಗತೈತೇನು ಕೇಳು.”

ಆಗುವುದಿಲ್ಲ. ಅದನ್ನು ನ್ಯಾಯಾಲಯವೇ ತೀರ್ಮಾನಿಸಬೇಕು. ಅಲ್ಲಿಯವರೆಗೆ ವಿಚಾರಣೆಯ ಪ್ರತಿ ವಾಯಿದೆಗೂ ಕೊಟ್ರಬಸಮ್ಮ ಸೊಸೆಯ ಹೆಗಲು ಹಿಡಿದು ಬಸ್ಸು ಹತ್ತುತ್ತಾಳೆ. ಅವಳು ಈಗ ಹುಲ್ಲಿಗೆ ಹೋಗುವುದಿಲ್ಲ.

ಕಳೆದ ತಿಂಗಳು ಮಹಿಳಾ ಸಂಘದ ಸಭೆಯಲ್ಲಿ ಮಂಜಮ್ಮ ಕಾಯ್ದೆಯ ಬಗ್ಗೆ ಹೇಳಿ ಮುಗಿಸಿದಾಗ, ಕರೆಯದಿದ್ದರೂ ಗಂಗಾಂಬಿಕಾ ಎದ್ದು ನಿಂತಳು. “ಕಿತ್ತು ಸುಟ್ಟಿದ್ರ ಆಗ್ತಿತ್ತಲ್ಲ ಗಂಗಕ್ಕಾ?” ಎಂದು ಯಾರೋ ಹಿಂದಿನಿಂದ ಕೇಳಿದರು. “ಕದ್ದು ಸುಟ್ಟಿದ್ರೂ ಗೊತ್ತಿದ್ದೂ ಮುಚ್ಚಿಟ್ಟಂಗ ಆಗ್ತಿತ್ತು,” ಎಂದಳು. “ಬಸ್ಸು ನನಗಂತ ನಿಂತಿತ್ತು. ನಾ ಹೊಸ್ತಿಲದಾಗ ನಿಂತೆ. ಮತ್ತೇನಿಲ್ಲ ಹೇಳಾಕ.” ಕೂತಳು.

ಓದುವವರೇ, ಗಾಂಜಾ ಕಾನೂನುಬದ್ಧವಾಗಬೇಕೇ ಬೇಡವೇ ಎಂಬ ಚರ್ಚೆ ನಡೆಯಲಿ. ನಿಮ್ಮ ಅಭಿಪ್ರಾಯ ಏನೇ ಇದ್ದರೂ ಧೈರ್ಯವಾಗಿ ಹೇಳಿ. ಆದರೆ ಕಾಯ್ದೆ ಬದಲಾಗುವ ತನಕ ಇಂದಿನ ಕಾಯ್ದೆಯೇ ಕಾಯ್ದೆ. ಹೊಲವನ್ನು ಲಾವಣಿಗೆ ಕೊಡುವಾಗ ಕಾಗದ ಮಾಡಿ, ಕೊಟ್ಟ ಮೇಲೂ ಆಗಾಗ ಒಳಗೆ ನಡೆದು ನೋಡಿ. ಹೊಲದೊಳಗೆ ಬರಬೇಡಿ ಎಂದು ಯಾರಾದರೂ ಹೇಳಿದರೆ, ಅವತ್ತೇ ಹೋಗಿ. ಅನುಮಾನದ ಗಿಡ ಕಂಡರೆ ಅದೇ ದಿನ ಪೊಲೀಸರಿಗೋ ಅಬಕಾರಿಯವರಿಗೋ ತಿಳಿಸಿ. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ. ಮನೆಯಲ್ಲಿ ಯಾರಿಗಾದರೂ ಚಟ ಹತ್ತಿದ್ದರೆ ಬೈದು ಬಚ್ಚಿಡಬೇಡಿ, 14446ಕ್ಕೆ ಕರೆ ಮಾಡಿ ಚಿಕಿತ್ಸೆ ಕೊಡಿಸಿ.

ಪಹಣಿಯಲ್ಲಿ ನಿಮ್ಮ ಅವ್ವನ ಹೆಸರಿದೆಯೇ? ಹಾಗಾದರೆ ಇವತ್ತು ಅವಳು ತಂದ ಹೊರೆಯನ್ನು ನೀವೇ ಇಳಿಸಿಕೊಳ್ಳಿ. ಹಗ್ಗ ಬಿಚ್ಚಿ ನೋಡಿ.