ದೊರೆಗಳ ಪಟಕ್ಕೆ ಬಿಳಿ ಬಟ್ಟೆ

ದೊರೆಗಳ ಎಡಗಣ್ಣನ್ನು ಗೆದ್ದಲು ತಿಂದಿತ್ತು.

ಬೆಳಿಗ್ಗೆ ನಮ್ಮ ನೂಡಲ್ಸ್ ಅಂಗಡಿಯ ಗೋಡೆಯಲ್ಲಿದ್ದ ಪಟದ ಧೂಳು ಹೊಡೆಯಲು ಕೈ ಎತ್ತಿದವಳು ಹಾಗೆಯೇ ನಿಂತೆ. ಜರತಾರಿ ನಿಲುವಂಗಿ, ಪದಕಗಳು ಎಲ್ಲ ನೆಟ್ಟಗಿದ್ದವು. ಕಣ್ಣಿದ್ದ ಜಾಗದಲ್ಲಿ ಮಾತ್ರ ಮಣ್ಣು. ನಮ್ಮ ಪಿಚಿತ್ ಪೇಟೆಯಲ್ಲಿ ದೊರೆಗಳ ಪಟವಿಲ್ಲದ ಅಂಗಡಿಯೇ ಇಲ್ಲ. ಅವರ ಚಿತ್ರವಿದ್ದ ಹಳೆಯ ಕ್ಯಾಲೆಂಡರನ್ನು ಒಲೆಗೆ ಹಾಕಿದ್ದಕ್ಕೆ ಕ್ಷೌರದ ಪ್ರಯುನ್‌ನನ್ನು ಎಳೆದುಕೊಂಡು ಹೋದವರು ಇನ್ನೂ ಬಿಟ್ಟಿಲ್ಲ.

“ಇಳಿಸ್ಬಿಡು ಲಮ್ಯೈ,” ಎಂದ ಒಲೆಯ ಮುಂದಿದ್ದ ನನ್ನ ಗಂಡ ಸವಾತ್.

“ಇಳಿಸಿ ಎಲ್ಲಿಡ್ಲಿ, ನಿನ್ ತಲೆ ಮೇಲಾ? ಖಾಲಿ ಗೋಡೆ ಕಂಡ್ರೆ ಯಾಕೆ ಅಂತ ಕೇಳಲ್ವಾ?”

ಹೊರಗೆ ಬೈಕ್ ನಿಂತಿತು. ಹವಾಲ್ದಾರ್ ವಿಚಾನ್! ದಿನಾ ಪಟದ ಎದುರಿಗೇ ಕೂತು ನೂಡಲ್ಸ್ ತಿನ್ನುವವ. ಅಕ್ಕಿಹಿಟ್ಟು ಸೋಸುವ ಬಿಳಿ ಬಟ್ಟೆ ಕೈಗೆ ಸಿಕ್ಕಿತು. ಸ್ಟೂಲು ಹತ್ತಿ ಪಟದ ಮೇಲೆ ಇಳಿಬಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ವಿಚಾನ್‌ನ ಹಿಂದೆಯೇ ಗುರುತಿಲ್ಲದ ಗಿರಾಕಿಯೊಬ್ಬ ಬಂದು ಮೂಲೆಯ ಮೇಜು ಹಿಡಿದ. ಇಬ್ಬರಿಗೂ ಬಟ್ಟಲು ಇಟ್ಟೆ. ಅಲ್ಲಿಯವರೆಗೆ ಫೋನಿನಲ್ಲಿ ಲಾಟರಿ ನಂಬರು ನೋಡುತ್ತಿದ್ದ ವಿಚಾನ್ ತಲೆ ಎತ್ತಿದ. ಬಿಳುಚಿಕೊಂಡ. ಟೋಪಿ ತೆಗೆದು, ಮೊಣಕಾಲೂರಿ, ನೆಲಕ್ಕೆ ಹಣೆ ಹಚ್ಚಿ ಗೊಳೋ ಎಂದು ಅತ್ತ.

“ಯಾವಾಗ ದೊಡ್ಡಮ್ಮಾ? ನಮ್ ಸ್ಟೇಷನ್‌ಗೆ ಸುದ್ದೀನೇ ಬಂದಿಲ್ವಲ್ಲಾ... ಅಯ್ಯೋ, ನಮ್ ದೊರೆಗಳು ಹೋಗ್ಬಿಟ್ರಾ!”

ಆಗ ಹೊಳೆಯಿತು. ನಮ್ಮಲ್ಲಿ ದೊರೆಗಳ ಪಟಕ್ಕೆ ಬಿಳಿ ಬಟ್ಟೆ ಬೀಳುವುದು ಒಂದೇ ಕಾರಣಕ್ಕೆ. ಅವರ ಕಣ್ಣು ಮುಚ್ಚಲು ಹೋಗಿ ಅವರನ್ನೇ ಸಾಯಿಸಿಬಿಟ್ಟಿದ್ದೆ.

“ಇಲ್ಲಪ್ಪಾ, ಚೆನ್ನಾಗಿದ್ದಾರೆ, ನೂರು ವರ್ಷ ಇರ್ಲಿ,” ಎನ್ನುತ್ತ ಬಟ್ಟೆ ಎಳೆದೆ. ದೊರೆಗಳು ಒಂಟಿಗಣ್ಣಿನಲ್ಲಿ ನಮ್ಮನ್ನು ನೋಡಿದರು.

ವಿಚಾನ್ ಪಟ ನೋಡಿದ, ನನ್ನ ನೋಡಿದ. ಅವನ ಕೈ ಸೊಂಟದ ಬೇಡಿಗೆ ಹೋಗಿ ಅಲ್ಲೇ ನಿಂತಿತು. ಬದುಕಿರುವ ದೊರೆಗಳು ಸತ್ತರೆಂದು, ಅದೂ ಪೊಲೀಸ್ ಬಟ್ಟೆಯಲ್ಲಿ, ಬಾಯಿಬಿಟ್ಟು ಅತ್ತವನು ಅವನೇ ತಾನೆ! ಗಡಿಬಿಡಿಯಲ್ಲಿ ಕಣ್ಣೊರೆಸಿಕೊಂಡು ಟೋಪಿ ತಲೆಗೇರಿಸಿದ.

“ದೊಡ್ಡಮ್ಮಾ, ನಾನು ಅಳ್ಲಿಲ್ಲ. ನಿನ್ ಮೆಣಸಿನಪುಡಿ ನೆತ್ತಿಗೇರಿತ್ತು, ಅಷ್ಟೇ.”

“ಹೌದಪ್ಪಾ. ನೀನೂ ಯಾವ ಕಣ್ಣೂ ನೋಡ್ಲಿಲ್ಲ.”

ಹೋದ ಜೀವ ಬಂದಂತಾಯಿತು. ಅವನಿಗೆ ಬಿಸಿಯಾಗಿ ಇನ್ನೊಂದು ಬಟ್ಟಲು ತರಲು ತಿರುಗಿದೆ. ಮೂಲೆಯ ಮೇಜಿನಲ್ಲಿ ಯಾರೂ ಇರಲಿಲ್ಲ. ಅರ್ಧ ಉಳಿದ ನೂಡಲ್ಸ್ ಇನ್ನೂ ಹಬೆಯಾಡುತ್ತಿತ್ತು.

“ಅವನ್ಯಾರು ದೊಡ್ಡಮ್ಮಾ?” ಎಂದ ವಿಚಾನ್.

“ನಿನ್ ಜೊತೆ ಬಂದೋನು ಅಂದ್ಕೊಂಡಿದ್ನಲ್ಲೋ!”