ಮುಚ್ಚೂ ಕೈ ನಂದಲ್ಲ

ಕರುಣಾ ಅಪ್ಪನ ಉಗುರಿನ ಸಂದಿಯ ಗ್ರೀಸನ್ನು ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜುತ್ತಿದ್ದಳು.

“ಬಿಡವಾ,” ಎಂದಳು ತಾಯಿ ಯಂಕವ್ವ. “ಮೂವತ್ತು ವರ್ಷ ನಾ ತಿಕ್ಕಿದ್ರೂ ಹೋಗಿಲ್ಲ. ದುಡದ ಕೈ ಅದು. ಹಂಗ ಹೋಗ್ಲಿ.”

ಅಪ್ಪ ಗೋವಿಂದಪ್ಪ ಅಂದು ನಸುಕಿನಲ್ಲಿ ನಿದ್ದೆಯಲ್ಲೇ ತೀರಿಹೋಗಿದ್ದ. ಪೈಪ್ ಫಿಟ್ಟರ್ ಆಗಿದ್ದವನು, ಕೊನೆಯ ಹತ್ತು ವರ್ಷ ಗಬ್ಬೂರ ಬೈಪಾಸ್ ಬಳಿಯ ಏಳಂತಸ್ತಿನ ಅಪಾರ್ಟ್‌ಮೆಂಟಿನಲ್ಲಿ ನೀರು, ಪಂಪು ನೋಡಿಕೊಳ್ಳುತ್ತಿದ್ದ. ಅವನ ಮನೆಯಿದ್ದ ಹಳೇ ಹುಬ್ಬಳ್ಳಿಯ ಇಕ್ಕಟ್ಟಿನ ಓಣಿಗೆ ಈಗ ಆ ಅಪಾರ್ಟ್‌ಮೆಂಟಿನ ಜನ ಬಂದರು. ಎಲ್ಲರ ಮುಂದಿದ್ದವನು ಅಲ್ಲಿನ ನಿವಾಸಿಗಳ ಸಂಘದ ಅಧ್ಯಕ್ಷ ಗುರುಶಿದ್ದಪ್ಪ. ಅವನನ್ನು ಕಂಡು ಕರುಣಾಳ ದವಡೆ ಬಿಗಿಯಿತು.

*

ಹೋದ ವರ್ಷ ಗುರುಶಿದ್ದಪ್ಪನ ಮನೆಯ ಚಾವಣಿಯಲ್ಲಿ, ಬೆಂಕಿ ಬಿದ್ದರೆ ತಾನೇ ನೀರು ಸುರಿಸುವ ಸ್ಪ್ರಿಂಕ್ಲರ್ ಒಂದು ಸೋರಿ ಸೋಫಾ ತೊಯ್ದಿತ್ತು. ಸಂಘದ ಸಭೆ ಸೇರಿತ್ತು. ಅಪ್ಪನಿಗೆ ಬುತ್ತಿ ತಂದ ಕರುಣಾ ಬಾಗಿಲಲ್ಲೇ ನಿಂತಳು.

“ಸ್ಪ್ರಿಂಕ್ಲರ್ ನೀರಿನ ವಾಲ್ವ್ ಬಂದ್ ಮಾಡು,” ಎಂದ ಗುರುಶಿದ್ದಪ್ಪ ಅಪ್ಪನಿಗೆ. “ನಾಳೆ ಯಾರರ ಊದಿನಕಡ್ಡಿ ಹಚ್ಚಿದ್ರ ಇಡೀ ಬಿಲ್ಡಿಂಗ್ ತೋಯ್ತದ.”

“ಹೊಗಿಗೆ ಅದರ ಗಾಜು ಒಡ್ಯಾಂಗಿಲ್ರಿ ಸಾಹೇಬ್ರ, ಕಾವಿಗೆ ಒಡೀತೈತಿ. ಅದೂ ಉರಿ ಮ್ಯಾಲಿಂದಷ್ಟ. ಸೋರೂದು ಇವತ್ತ ರಿಪೇರಿ ಮಾಡ್ತೇನಿ. ಬಂದ್ ಮಾತ್ರ ಮಾಡಂಗಿಲ್ರಿ.”

“ಹಂಗಾದ್ರ ಕೆಲಸಾ ಬಿಡು!”

“ಬಿಡ್ತೇನ್ರಿ. ಮುಚ್ಚೂ ಕೈ ಮಾತ್ರ ನಂದಲ್ಲ.”

ಅಪ್ಪನ ದನಿ ಏರಲಿಲ್ಲ. ವಾಲ್ವ್ ಮುಚ್ಚಲು ಬೇರೆ ಯಾರೂ ಏಳಲಿಲ್ಲ. ಸಂಜೆಯೊಳಗೆ ಅವನು ಸೋರಿಕೆ ನಿಲ್ಲಿಸಿದ. ಮರುದಿನ ಎಂದಿನಂತೆ ಕೆಲಸಕ್ಕೆ ಹೋದ.

ಎರಡು ತಿಂಗಳಿಗೆ ಗುರುಶಿದ್ದಪ್ಪನ ಮನೆಯಲ್ಲಿ ದೇವರ ದೀಪ ತಾಗಿ ಪರದೆ ಹೊತ್ತಿತು. ಗಂಡ ಹೆಂಡತಿ ಪೇಟೆಗೆ ಹೋಗಿದ್ದರು. ಉರಿಯ ಮೇಲಿನ ಒಂದೇ ಒಂದು ಸ್ಪ್ರಿಂಕ್ಲರ್ ಒಡೆದು ನೀರು ಸುರಿಯಿತು. ಅಗ್ನಿಶಾಮಕ ವಾಹನ ಬರುವಷ್ಟರಲ್ಲಿ ಬೆಂಕಿ ಆರಿತ್ತು. ಸುಟ್ಟದ್ದು ಪರದೆ, ಒಂದು ಮಣೆ. ಪಕ್ಕದ ಕೋಣೆಯಲ್ಲಿ, ಎದ್ದು ನಡೆಯಲಾಗದ ಅವನ ತಾಯಿ ಹುಲಿಗೆವ್ವ ಮಲಗಿದ್ದಳು. ಅವಳ ಹಾಸಿಗೆಗೆ ಹನಿ ನೀರೂ ತಾಗಿರಲಿಲ್ಲ.

*

ಗುರುಶಿದ್ದಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ.

“ಅವತ್ತ ನಿಮ್ಮಪ್ಪಾರು ನನ್ನ ಮಾತ ಕೇಳ್ಲಿಲ್ಲವಾ,” ಎಂದ ಕರುಣಾಳಿಗೆ. “ಅದಕ್ಕ ನಮ್ಮವ್ವ ಉಳದ್ಲು. ಬರ್ತೇನಿ ಅಂತ ಹಟಾ ಹಿಡದು ಬಂದಾಳ.”

ಕರುಣಾಳ ದವಡೆ ಸಡಿಲಿತು. “ಕರಕೊಂಡ ಬರ್ರಿ,” ಎಂದಳು.

ನಾಲ್ವರು ಕುರ್ಚಿಸಮೇತ ಹುಲಿಗೆವ್ವನನ್ನು ಹೊತ್ತು ತಂದರು. ಅವಳು ಗೋವಿಂದಪ್ಪನ ಕಾಲಿನತ್ತ ಬಾಗಿದಳು.

“ಆಯಿ, ಬ್ಯಾಡ್ರಿ! ನೀವು ವಯಸ್ಸಿನ್ಯಾಗ ಹಿರೇರು,” ಎಂದು ಯಂಕವ್ವ ಕೈ ಚಾಚಿದಳು.

ಹುಲಿಗೆವ್ವ ಆ ಕೈಯನ್ನೇ ಊರಿಕೊಂಡು ಇನ್ನಷ್ಟು ಬಾಗಿ, ಎರಡೂ ಪಾದ ಹಿಡಿದು, ವಿಭೂತಿಯ ಹಣೆಯನ್ನು ಅವುಗಳ ಮೇಲಿಟ್ಟಳು. ತಲೆ ಎತ್ತಿದಾಗ ಗೋವಿಂದಪ್ಪನ ಹೆಬ್ಬೆರಳ ಮೇಲೆ ಮೂರು ಬಿಳಿ ಗೆರೆ ಮೂಡಿದ್ದವು. ಅವನ್ನು ಯಾರೂ ಒರೆಸಲಿಲ್ಲ.