ಮುಂದಿನ ಮನಿ ಗಾಡಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ ಬಿಡಿ. ನಿಮ್ಮ ಗಾಡಿಗೆ ಊರೇ ಸೇರಿ ಅಡ್ಡಹೆಸರಿಟ್ಟು, ಅದು ಬಂದಾಗಲೆಲ್ಲ ಆ ಹೆಸರು ಹಿಡಿದು ಕೂಗಿದರೆ ನೀವೇನು ನಗುತ್ತ ಕೂರುತ್ತೀರಾ? ಠಾಣಾ ಕುಶನೂರಿನಲ್ಲಿ ನನ್ನ ಪಿಕಪ್ಪಿನ ಹೆಸರು ‘ಮುಂದಿನ ಮನಿ’. ಯಾವ ಮನೆಯ ಮುಂದೆ ನಿಲ್ಲಬೇಕೋ ಅದನ್ನು ದಾಟಿ, ಅದರ ಮುಂದಿನ ಮನೆಯ ಹತ್ತಿರ ಹೋಗಿ ನಿಲ್ಲುತ್ತದೆ ಎಂದು ಆ ಹೆಸರು.

ಗಾಡಿ ಹಳೆಯದು, ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಡ್ರಮ್ ಎಂದರೆ ಗಾಲಿಯೊಳಗಿನ ಒಂದು ಮುಚ್ಚಿದ ಡಬ್ಬಿ. ಪೆಡಲು ತುಳಿದರೆ ಒಳಗಿನ ಲೈನರುಗಳು ಅಗಲವಾಗಿ ಡಬ್ಬಿಯ ಗೋಡೆಗೆ ಒತ್ತಿಕೊಂಡು ಗಾಲಿಯನ್ನು ತಡೆಯಬೇಕು. ತಡೆಯಬೇಕು ಎಂದೆ, ತಡೆಯುತ್ತಿತ್ತು ಎನ್ನಲಿಲ್ಲ. ತೊಗರಿ ಚೀಲ ತುಂಬಿಕೊಂಡು ಇಳಿಜಾರು ಇಳಿದರೆ ಡಬ್ಬಿ ಕಾದು ಹಿಡಿತ ಬಿಡುತ್ತಿತ್ತು. ಹಳ್ಳದ ನೀರು ದಾಟಿದರೆ ಒದ್ದೆಯಾಗಿ ಬಿಡುತ್ತಿತ್ತು. ಏನೂ ಆಗದಿದ್ದರೂ ಹುಕಿ ಬಂದಾಗ ಬಿಡುತ್ತಿತ್ತು. ನಾನು ಊರೊಳಗೆ ಎತ್ತಿನ ಗಾಡಿಯ ಹಾಗೆ ನಿಧಾನ ಬಂದು, ಬೇವಿನ ಗಿಡ ಕಂಡ ಕೂಡಲೇ ಪೆಡಲನ್ನು ತಕತಕ ತುಳಿಯಲು ಶುರು ಮಾಡಿದರೂ, ಅದು ನಮ್ಮ ಮನೆ ದಾಟಿ ಬಸವಣ್ಣೆಪ್ಪ ಕಾಕಾನ ಕಿರಾಣಿ ಅಂಗಡಿಯ ಮುಂದೆಯೇ ನಿಲ್ಲುತ್ತಿತ್ತು.

ಜನ ಇದಕ್ಕೆ ಒಗ್ಗಿಕೊಂಡುಬಿಟ್ಟಿದ್ದರು. ಚೀಲ ಹೇರುವವರು ತಮ್ಮ ಮನೆ ಬಿಟ್ಟು ಮುಂದಿನ ಮನೆಯ ಕಟ್ಟೆಯ ಮೇಲೆ ಚೀಲ ಇಡುತ್ತಿದ್ದರು. ಬಸವಣ್ಣೆಪ್ಪ ಕಾಕಾ ತಕ್ಕಡಿಯಲ್ಲಿ ಬೆಲ್ಲ ತೂಗುತ್ತಲೇ ನನ್ನನ್ನು ಕೆಣಕುತ್ತಿದ್ದ.

“ಏ ಕೈಲಾಶ್ಯಾ, ನಿನ್ನ ಗಾಡಿಗಿ ಬ್ರೇಕ ಅಂದ್ರ ನನ್ನ ಅಂಗಡಿನೇ ನೋಡು. ನಾ ಅಂಗಡಿ ಎತ್ತಿದ್ರ ನೀ ಸೀದಾ ಔರಾದಕ್ಕೇ ಹೋಗಿ ನಿಂದ್ರತಿ.”

ಊರವರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಬಹುದಿತ್ತು. ಅವ್ವನ ಮಾತು ಹಾಗಲ್ಲ. ನನ್ನವ್ವ ಕೇಶರಬಾಯಿ. ಗಾಡಿ ಕೊಂಡ ದಿನವೇ ನನ್ನ ಪಕ್ಕದ ಸೀಟು ಅವ್ವನದು ಎಂದು ಸಾರಿ, ಅದಕ್ಕೆ ಕೆಂಪು ಹೂವಿನ ಕವರು ಹಾಕಿಸಿದ್ದೆ. ಅವಳು ಅದರಲ್ಲಿ ಕೂತದ್ದು ಒಂದೇ ಸಲ. ನನ್ನ ತಂಗಿ ಸುಮನಳ ಅತ್ತೆಮನೆಗೆಂದು ಖಟಕ ಚಿಂಚೋಳಿಗೆ ಹೋಗಿದ್ದೆವು. ಸುಮನಳ ಅತ್ತೆ, ಅಂದರೆ ಅವ್ವನ ಬೀಗತಿ, ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗಾಡಿ ಬೀಗತಿಯನ್ನು ದಾಟಿತು, ಬಾಗಿಲನ್ನು ದಾಟಿತು, ಪಕ್ಕದ ಮನೆಯವರ ಜೋಳದ ಕಣಿಕೆ ಬಣವೆಯಲ್ಲಿ ಮೂತಿ ತೂರಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ತೆರೆದ ಕಿಟಕಿಯೊಳಗಿಂದ ಕಣಿಕೆಯ ಹೊಟ್ಟು ಬಂದು ಅವ್ವನ ತಲೆಯ ಮೇಲೆ ಬಿತ್ತು. ಅವ್ವ ಇಳಿದಳು, ಅವಳ ಹಿಂದೆಯೇ ಬಣವೆಯಲ್ಲಿ ಕಾವಿಗೆ ಕೂತಿದ್ದ ಒಂದು ಕೋಳಿಯೂ ಇಳಿಯಿತು. ಬೀಗತಿ ತಂಬಿಗೆ ಕೆಳಗಿಟ್ಟು, ಸೊಂಟ ಹಿಡಿದುಕೊಂಡು ನಕ್ಕಳು.

ಅವತ್ತು ಅವ್ವ ಹೊಟ್ಟು ಕೊಡವಿಕೊಳ್ಳುತ್ತ ಆಣೆ ಮಾಡಿದಳು. “ಈ ಗಾಡಿ ನಾ ಹೇಳ್ದಲ್ಲಿ ನಿಂದ್ರೋ ತನಕ ನಾ ಇದರಾಗ ಕುಂದ್ರಲ್ಲ.”

ಅಂದಿನಿಂದ ಅವಳದು ಬಸ್ಸು. ನಾನು ಖಾಲಿ ಸೀಟಿನೊಂದಿಗೆ ಬಸ್ಸಿನ ಹಿಂದೆ ಗಾಡಿ ಓಡಿಸುವುದು, ಅವ್ವ ಬಸ್ಸಿನ ಕಿಟಕಿಯಿಂದ ನನಗೆ ಕೈ ಬೀಸುವುದು. ಇದಕ್ಕಿಂತ ಮರ್ಯಾದೆ ಹೋಗುವ ಕೆಲಸ ಇನ್ನೇನಿದೆ ಹೇಳಿ. ಲೈನರು ಬದಲಿಸಿದೆ, ಎಣ್ಣೆ ಬದಲಿಸಿದೆ, ಪ್ರತಿ ಸಲ ಬಂದು “ಅವ್ವಾ, ಬ್ರೇಕ ಛಲೋ ಆಗ್ಯಾದ” ಎನ್ನುತ್ತಿದ್ದೆ. ಅವ್ವ “ಹೌದೇನು, ಭಾಳ ಛಲೋ ಆತು” ಎಂದು ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದಳು.

ಹೀಗಿರುವಾಗ ಸುಮನ ಫೋನು ಮಾಡಿದಳು. ಅವಳೂ ಅವಳ ಗಂಡ ಧಮ್ಮಪಾಲನೂ ಭಾಲ್ಕಿಯಲ್ಲಿ ಹೊಸ ಮನೆ ಕಟ್ಟಿಸಿದ್ದರು. ಬರುವ ಭಾನುವಾರ ಬುದ್ಧ ವಂದನೆ, ಊಟ.

“ಅಣ್ಣಾ, ಅವ್ವನ್ನ ಗಾಡ್ಯಾಗೇ ಕರ್ಕೊಂಡು ಬಾ. ನಮ್ಮತ್ತಿನೂ ಇರ್ತಾಳ. ಬಾಜು ಮನಿಯವ್ರಿಗಿ ಮೊದಲೇ ಹೇಳಿ ಇಡ್ಲೇನು?”

ನನಗೆ ಮೈಯೆಲ್ಲ ಉರಿಯಿತು. ಫೋನು ಇಟ್ಟು ನಿರ್ಧಾರ ಮಾಡಿದೆ. ಅದೇ ಬೀಗತಿಯ ಕಣ್ಣೆದುರು, ತಂಗಿಯ ಹೊಸ ಮನೆಯ ಬಾಗಿಲಿಗೆ ಸರಿಯಾಗಿ ಗಾಡಿ ನಿಲ್ಲಬೇಕು, ಅದರಿಂದ ನನ್ನವ್ವ ರಾಣಿಯ ಹಾಗೆ ಇಳಿಯಬೇಕು. ಇಲ್ಲದಿದ್ದರೆ ನಾನು ಸ್ಟೇರಿಂಗು ಹಿಡಿಯುವುದನ್ನೇ ಬಿಡುತ್ತೇನೆ.

ಬೀದರಿನ ದವಸದ ಪೇಟೆ ಗಾಂಧಿ ಗಂಜಿನಲ್ಲಿ ತೊಗರಿ ಇಳಿಸಿ ಗಾಡಿಯನ್ನು ಉಸ್ಮಾನ ಮಿಯಾನ ಗ್ಯಾರೇಜಿಗೆ ಒಯ್ದೆ. ಉಸ್ಮಾನ ಚಾಚಾ ಕೆಲಸಕ್ಕಿಂತ ಮೊದಲು ಮಾತು ಬಿಚ್ಚುವ ಮನುಷ್ಯ. ಗಾಲಿ ಕಳಚಿ, ಡ್ರಮ್ಮು ಬಿಚ್ಚಿ, ಒಳಗಿನ ಕರಿಪುಡಿ ಊದಿ, ನನ್ನ ಕಡೆ ಮರುಕದಿಂದ ನೋಡಿದ.

“ಬೇಟಾ, ಇದಕ್ಕ ಇನ್ನಾ ಎಷ್ಟು ಸಲ ಮುಲಾಮು ಹಚ್ಚತಿ? ಮುಂದಿನ ಎರಡೂ ಗಾಲಿಗಿ ಡಿಸ್ಕ ಹಾಕಮ್. ಈ ಡ್ರಮ್ ಮನಿಗಿ ಒಯ್ದು ಒಲಿ ಮಾಡು. ಕಾಯೋದೊಂದು ಛಲೋ ಬರ್ತದ ಇದಕ್ಕ.”

ಡಿಸ್ಕಿನಲ್ಲಿ ಮುಚ್ಚಿದ ಡಬ್ಬಿ ಇಲ್ಲ. ಗಾಲಿಯ ಜೊತೆ ಒಂದು ಉಕ್ಕಿನ ತಟ್ಟೆ ಬಯಲಿನಲ್ಲೇ ತಿರುಗುತ್ತದೆ. ಪೆಡಲು ತುಳಿದರೆ ಎರಡೂ ಕಡೆಯಿಂದ ಪ್ಯಾಡುಗಳು ಅದನ್ನು ಇಕ್ಕಳದಲ್ಲಿ ಹಿಡಿದ ಹಾಗೆ ಹಿಡಿಯುತ್ತವೆ. ಗಾಳಿ ಆಡುವುದರಿಂದ ಬೇಗ ಆರುತ್ತದೆ, ನೀರು ಬಿದ್ದರೂ ಸಿಡಿದು ಹೋಗುತ್ತದೆ. ನನ್ನ ಅದೃಷ್ಟಕ್ಕೆ ಅದೇ ಕಂಪನಿಯ ಹೊಸ ಮಾದರಿಯ ಪಿಕಪ್ಪೊಂದು ಗುಜರಿಗೆ ಬಂದಿತ್ತು. ಹಿಂಭಾಗ ಜಜ್ಜಿಹೋಗಿದ್ದರೂ ಮುಂಭಾಗಕ್ಕೆ ಒಂದು ಗೆರೆಯೂ ಬಿದ್ದಿರಲಿಲ್ಲ. ಅದರ ಮುಂದಿನ ಗಾಲಿಗಳ ಸಾಮಾನೆಲ್ಲ ತಂದೆವು. ಪ್ಯಾಡು, ಎಣ್ಣೆಯ ಪೈಪು ಹೊಸವು. ಹಿಂದಿನ ಗಾಲಿಗೆ ಡ್ರಮ್ಮೇ ಇರಲಿ ಎಂದು ಚಾಚಾ ಅಲ್ಲಿಗೆ ಹೊಸ ಲೈನರು ಹಾಕಿದ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಗಾಡಿ ತಯಾರು. ನಾನು ಗಂಜಿನೊಳಗೆ ಒಂದು ಸುತ್ತು ಹೊಡೆಯಲು ಹೊರಟೆ. ಒಂದು ಸಲ ತುಳಿದೆ, ನಿಂತಿತು. ಇನ್ನೊಂದು ಸಲ ತುಳಿದೆ, ನಿಂತಿತು. ಸಂತೋಷ ತಡೆಯಲಾರದೆ ಸುಮ್ಮಸುಮ್ಮನೆ ತುಳಿಯುತ್ತ ಹೋದೆ. ಗಂಜಿನ ನಟ್ಟನಡುವೆ, ಕೈಗಾಡಿಗಳು, ಲಾರಿಗಳು, ಚೀಲ ಹೊತ್ತ ಹಮಾಲರು ಎಲ್ಲ ಸೇರಿದ ಜಾಗದಲ್ಲಿ ಗಾಡಿ ನಿಂತದ್ದು ನಿಂತೇಬಿಟ್ಟಿತು. ಎಕ್ಸಲರೇಟರ್ ಒತ್ತಿದರೆ ಗುರ್ ಎನ್ನುತ್ತದೆ, ಕದಲುವುದಿಲ್ಲ. ಮುಂದಿನ ಗಾಲಿಗಳಿಂದ ಸುಟ್ಟ ವಾಸನೆ. ಹಮಾಲರು ಚೀಲ ಇಳಿಸಿ ನೂಕಿದರು, ಆಗಲೂ ಇಲ್ಲ.

“ಅಣ್ಣಾರ, ಇಷ್ಟು ಬ್ರೇಕ ಬೇಕಾಗಿರ್ಲಿಲ್ರಿ” ಎಂದ ಒಬ್ಬ ಹಮಾಲ. ಗಂಜಿಗೆ ಗಂಜೇ ನಕ್ಕಿತು.

ನಾನು ಗ್ಯಾರೇಜಿಗೆ ನಡೆದುಕೊಂಡೇ ಹೋಗಿ ಉಸ್ಮಾನ ಚಾಚಾನ ಮುಂದೆ ಬಾಯಿಗೆ ಬಂದದ್ದೆಲ್ಲ ಆಡಿದೆ. ಮೊದಲು ನಿಲ್ಲುತ್ತಿರಲಿಲ್ಲ, ಈಗ ಹೊರಡುವುದಿಲ್ಲ, ನಾಳೆ ನನ್ನವ್ವ ಮತ್ತೆ ಬಸ್ಸಿಗೆ ಹೋಗುತ್ತಾಳೆ, ಬೀಗತಿ ಮತ್ತೆ ನಗುತ್ತಾಳೆ ಎಂದು ಬಣವೆಯ ಕೋಳಿಯವರೆಗೆ ಎಲ್ಲ ಹೇಳಿದೆ. ಚಾಚಾ ಕೋಳಿಯ ಮಾತಿಗೆ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕ, ಆಮೇಲೆ ತನ್ನ ಹಣೆಗೆ ತಾನೇ ಬಡಿದುಕೊಂಡ.

“ತಪ್ಪು ನಂದು ಬೇಟಾ. ಗಾಲಿ ಹೊಸಾವು ಹಾಕಿ ಪೆಡಲ್ ಬುಡಕಿನ ಸಿಲಿಂಡರ್ ಹಳೀದೇ ಬಿಟ್ಟೀನಿ. ಅದು ಡ್ರಮ್ಮಿಂದು. ಕಾಲು ತೆಗದ್ರೂ ಜರಾ ಒತ್ತಡ ಒಳಗೇ ಇಟ್ಕೋತದ. ಡ್ರಮ್ಮಿಗಿ ಅದು ನಡೀತದ, ಡಿಸ್ಕಿಗಿ ನಡ್ಯಲ್ಲ. ಹಿಡದಿದ್ದು ಬಿಡಲ್ಲ ಅದು, ನಿನ್ನ ಸಿಟ್ಟಿನಂಗ.”

ನನಗೂ ನಗು ಬಂತು, ಆದರೆ ತೋರಿಸಲಿಲ್ಲ.

ಗಾಲಿ ಆರಿದ ಮೇಲೆ ಗಾಡಿ ತಂದೆವು. ಗುಜರಿಯ ಪಿಕಪ್ಪಿನ ಸಿಲಿಂಡರನ್ನೂ ತಂದು ಹಾಕಿ, ಪೈಪಿನೊಳಗಿನ ಗಾಳಿ ತೆಗೆದು ಮುಗಿಸುವಾಗ ಬಿಸಿಲು ಇಳಿದಿತ್ತು. ಗ್ಯಾರೇಜಿನ ಹಿಂದಿನ ಖಾಲಿ ರಸ್ತೆಯಲ್ಲಿ ಚಾಚಾ ತನ್ನ ಚಪ್ಪಲಿ ಬಿಟ್ಟು, “ಇದರ ಮುಂದ ನಿಂದ್ರಸು. ಚಪ್ಪಲಿ ತುಳದ್ರ ಹೊಸಾವು ಕೊಡಸ್ಬೇಕು” ಎಂದ. ನಾನು ಹಳೆಯ ರೂಢಿಯಂತೆ ದೂರದಿಂದಲೇ ಪೆಡಲು ತುಳಿದೆ. ಗಾಡಿ ಅಲ್ಲೇ ನಿಂತಿತು.

“ಏ, ಚಪ್ಪಲಿ ಇಲ್ಲಿ ಅದಾವ” ಎಂದು ಚಾಚಾ ಅಷ್ಟು ದೂರದಿಂದ ಕೂಗಿದ. “ಅಲ್ಲಿಂದ ಕಾಣ್ತಾವೇನು?”

ಕಾಲಿಗೆ ಹೊಸ ಬುದ್ಧಿ ಕಲಿಸಬೇಕಾಯಿತು. ಮತ್ತೆ ಮತ್ತೆ ಹಿಂದೆ ಹೋಗಿ ಬಂದೆ. ಕೊನೆಗೆ ಚಪ್ಪಲಿಯ ತುದಿಗೆ ಗಾಲಿ ಮುಟ್ಟೀತೋ ಮುಟ್ಟದೋ ಎಂಬಂತೆ ಗಾಡಿ ತಣ್ಣಗೆ ನಿಂತಾಗ ನಾನು ಇಳಿದು ಚಾಚಾನನ್ನು ತಬ್ಬಿಕೊಂಡೆ. ಆಮೇಲೆ ಅವ್ವನಿಗೆ ಫೋನು ಮಾಡಿದೆ.

“ಅವ್ವಾ, ಮುಂಜಾನಿ ತಯಾರಾಗಿ ಬಾಗಲದಾಗ ನಿಂದ್ರು. ಬ್ರೇಕ ಛಲೋ ಆಗ್ಯಾದ.”

“ಹೌದೇನು” ಎಂದಳು ಅವ್ವ. “ಭಾಳ ಛಲೋ ಆತು. ಮುಂಜಾನಿ ಬಸ್ಸು ಎಷ್ಟಕ್ಕದ, ಬಸವಣ್ಣೆಪ್ಪಗ ಕೇಳ್ತೇನಿ.”

ರಾತ್ರಿ ಗ್ಯಾರೇಜಿನಲ್ಲೇ ಮಲಗಿ, ಬೆಳಗ್ಗೆ ಬೀದರಿನಿಂದ ಊರವರೆಗೆ ನಾನು ಹಾಡು ಗುನುಗುತ್ತ ಬಂದೆ. ದಾರಿಯಲ್ಲಿ ಅಡ್ಡ ಬಂದ ಎಮ್ಮೆಗಳ ಮುಂದೆಲ್ಲ ಮೆತ್ತಗೆ ನಿಲ್ಲಿಸಿ, ಅವು ದಾಟುವವರೆಗೆ ಖುಷಿಯಿಂದ ಕಾದೆ. ಊರು ಹತ್ತಿರ ಬಂದಾಗ ಎದುರಿನಿಂದ ಭಾಲ್ಕಿ ಬಸ್ಸು ಬಂದು ನನ್ನನ್ನು ದಾಟಿ ಹೋಯಿತು. ಕಿಟಕಿಗಳಲ್ಲಿ ಕಣ್ಣಾಡಿಸಿದೆ, ತುಂಬಿದ ಬಸ್ಸಿನಲ್ಲಿ ಯಾರೂ ಗುರುತು ಸಿಗಲಿಲ್ಲ. 

ಬೇವಿನ ಗಿಡ ಬಂತು. ಪೆಡಲು ಮುಟ್ಟಲಿಲ್ಲ. ನಮ್ಮ ಕಟ್ಟೆ ಬಂತು, ತುಳಿದೆ. ಗಾಡಿ ನಮ್ಮ ಹೊಸ್ತಿಲಿಗೆ ಸರಿಯಾಗಿ ನಿಂತಿತು. ಇಷ್ಟು ವರ್ಷದಲ್ಲಿ ಅದು ನಮ್ಮ ಬಾಗಿಲನ್ನು ನಿಂತು ನೋಡಿದ್ದು ಅದೇ ಮೊದಲು. ಆದರೆ ಬಾಗಿಲಿಗೆ ಬೀಗ ಹಾಕಿತ್ತು.

ಹೋದಳು, ಬಸ್ಸಿಗೇ ಹೋದಳು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅಳು ಬಂತು. ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕೂತೆ. ಪಕ್ಕದಲ್ಲಿ ಕೆಂಪು ಹೂವಿನ ಸೀಟು ಖಾಲಿ ಇತ್ತು.

“ಏ ಕೈಲಾಶ್ಯಾ, ಅಲ್ಯಾಕ ನಿಂತದೋ? ಬಂದ್ ಬಿತ್ತೇನು?” ಬಸವಣ್ಣೆಪ್ಪ ಕಾಕಾನ ದನಿ.

ತಲೆಯೆತ್ತಿ ನೋಡಿದೆ. ಕಾಕಾನ ಅಂಗಡಿಯ ಮುಂದೆ, ನನ್ನ ಗಾಡಿ ಯಾವಾಗಲೂ ಬಂದು ನಿಲ್ಲುವ ಜಾಗದಲ್ಲಿ, ಬಿಳಿ ಸೀರೆಯುಟ್ಟು ಅವ್ವ ನಿಂತಿದ್ದಳು. ಕಾಲ ಹತ್ತಿರ ಚೀಲ, ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ.

ನಾನು ಇಳಿದು ಕೂಗಿದೆ. “ಅಲ್ಯಾಕ ನಿಂತೀದಿ ಅವ್ವಾ?”

“ಮತ್ತೆಲ್ಲಿ ನಿಂದ್ರಲಿ? ನಿನ್ನ ಗಾಡಿ ಇಲ್ಲೇ ಅಲ್ಲೇನು ನಿಂದ್ರೋದು?”

“ಬ್ರೇಕ ಛಲೋ ಆಗ್ಯಾದಂತ ನಿನ್ನಿ ಹೇಳೀನಲ್ಲ?”

“ನೀ ಯಾವಾಗ ಹೇಳಿಲ್ಲ?”

ನಾನು ಜಗಳಕ್ಕೆ ಬಾಯಿ ತೆರೆದೆ, ಆಗಲೇ ಹೊಳೆಯಿತು. ಅವ್ವ ನನ್ನ ಮಾತು ನಂಬಿರಲಿಲ್ಲ. ಗಾಡಿ ಇವತ್ತೂ ಮನೆ ದಾಟಿ ಹೋಗುತ್ತದೆ ಎಂದೇ ಲೆಕ್ಕ ಹಾಕಿ, ಅದು ಹೋಗಿ ನಿಲ್ಲುವಲ್ಲಿ ಬಂದು ನಿಂತಿದ್ದಳು. ಬ್ರೇಕಿಲ್ಲದ ಗಾಡಿಯಲ್ಲಿ ಕೂರಲು ತಯಾರಾಗಿ ಬಂದಿದ್ದಳು. ಆ ಆಣೆ?

“ಬಸ್ಸು ನಿನ್ನ ಮುಂದೇ ಹೋಯ್ತಲ್ಲ ಅವ್ವಾ. ಯಾಕ ಹತ್ಲಿಲ್ಲ?”

ಅವ್ವ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. “ಮಗಳ ಹೊಸ ಮನಿಗಿ ಮಗನ ಬಾಜೂಕ ಕುಂತು ಹೋಗ್ಬೇಕನಿಸ್ತು. ಬಣವಿ ಬಂದ್ರ ಬರ್ಲಿ.”

ನನ್ನ ಕಣ್ಣು ತುಂಬಿ ಬಂತು. ನಡುಬೀದಿಯಲ್ಲಿ, ಕಾಕಾನ ಎದುರೇ. ಮುಚ್ಚಿಟ್ಟುಕೊಳ್ಳಲೂ ಮನಸ್ಸಾಗಲಿಲ್ಲ. ಓಡಿ ಗಾಡಿ ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

“ಎಲ್ಲಿ ನಿಂದ್ರಸ್ಲಿ ಹೇಳವ್ವಾ. ನೀ ಹೇಳ್ದಲ್ಲಿ ನಿಂದ್ರಸ್ತೇನಿ.”

ಅವ್ವ ನಂಬಿಕೆಯಿಲ್ಲದವಳ ಹಾಗೆ ನನ್ನನ್ನೂ ಗಾಡಿಯನ್ನೂ ನೋಡಿದಳು. ಆಮೇಲೆ ಕಾಲ ಹೆಬ್ಬೆರಳಿನಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದು, ಜಾಣತನದಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಬಸವಣ್ಣೆಪ್ಪ ಕಾಕಾ ತಕ್ಕಡಿ ಬಿಟ್ಟು ಹೊರಗೆ ಬಂದ, ಮುಂದಿದ್ದ ಈರುಳ್ಳಿ ಬುಟ್ಟಿಯನ್ನು ಕಾಲಿನಿಂದ ಒಳಗೆ ತಳ್ಳಿದ.

ಬಂದೆ, ತುಳಿದೆ. ಮುಂದಿನ ಗಾಲಿ ಗೆರೆಯ ಮೇಲೆ ನಿಂತಿತು.

 ಅವ್ವ ಬಗ್ಗಿ ಗೆರೆ ನೋಡಿದಳು, ಗಾಲಿ ನೋಡಿದಳು. ಕಾಕಾ “ಆತ್ ಬಿಡು, ಇನ್ನ ನನ್ನ ಅಂಗಡಿ ಕೆಲಸ ಮುಗೀತು” ಎಂದು ಬುಟ್ಟಿಯನ್ನು ಮತ್ತೆ ಹೊರಗೆ ಎಳೆದ. ಅವ್ವ ಬಾಗಿಲು ತೆಗೆದು ಹತ್ತಿ, ಸೆರಗು ಸರಿಮಾಡಿಕೊಂಡು, ಕೆಂಪು ಹೂವಿನ ಸೀಟಿನ ಮೇಲೆ ನೆಟ್ಟಗೆ ಕೂತಳು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಹೋಳಿಗೆ ಮುರಿದು ನನ್ನ ಬಾಯಿಗೆ ಹಾಕಿದಳು.

ಗಾಡಿ ಭಾಲ್ಕಿ ರಸ್ತೆ ಹಿಡಿಯಿತು. ಅವ್ವ ನನ್ನ ಕಡೆ ತಿರುಗಿದಳು.

“ಸುಮನಳ ಮನಿ ಮುಂದ ಹಿಂಗೇ ನಿಂದ್ರಸ್ತಿ ಏನು?”

“ನಿಂದ್ರಸ್ತೇನಿ ಅವ್ವಾ.”

“ಹಂಗಾರ ಮೊದಲ ದೂರಿಂದೇ ಹಾರನ್ ಹೊಡಿ. ಬೀಗತಿ ಹೊರಗ ಬರ್ಲಿ. ಆಮ್ಯಾಲ ನಿಂದ್ರಸು.”